ಜೋಸಪ್ಪನ ಊಟದ ಮನೆಯ ಪಕ್ಕದಲ್ಲಿ

ನೆರೆಯವರು ಜಗಳಗಂಟರಾದರೆ ಅದಕ್ಕೆ ಪರಿಹಾರವುಂಟು. ಗೋಡೆ ಎತ್ತರಿಸಬಹುದು, ಮಾತು ಬಿಡಬಹುದು, ತೀರ ತಡೆಯದಿದ್ದರೆ ನಾವೂ ನಾಲ್ಕು ಬೈದು ಹಗುರಾಗಬಹುದು. ಆದರೆ ನೆರೆಯವನು ಒಳ್ಳೆಯವನಾಗಿದ್ದು, ಹಾದಿಯಲ್ಲಿ ನಿಲ್ಲಿಸಿ ಕೈಹಿಡಿದೆಳೆದು ಊಟಕ್ಕೆ ಕೂರಿಸುವವನಾದರೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿಲ್ಲ. ಅದರಲ್ಲೂ ತಟ್ಟೆಯಲ್ಲಿರುವುದು ಏನೆಂದು ತಿಳಿಯದೆ, ಅದನ್ನು ಯಾವ ತುದಿಯಿಂದ ಹಿಡಿದು ತಿನ್ನಬೇಕೆಂದೂ ಗೊತ್ತಾಗದೆ ಕೂತವನ ಪಾಡು ಬಲು ಕಷ್ಟ. ನಾನು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ದರ್ಜಿ. ಹೆಸರು ಇಮಾಮಸಾಬ. ಪಲ್ಟನ್ನಿನ ಸಾಹೇಬರ ಕೋಟುಗಳಿಗೆ ಗುಂಡಿ ಹಚ್ಚುವುದು, ಅವರ ಹೊಟ್ಟೆ ಬೆಳೆದ ಹಾಗೆಲ್ಲ ಹೊಲಿಗೆ ಬಿಚ್ಚಿ ಸಡಿಲ ಮಾಡುವುದು ನನ್ನ ಕಸುಬು. ಮುಂದೆ ಅಂಗಡಿ, ಹಿಂದೆ ಮನೆ. ಮನೆಯಲ್ಲಿ ಹೆಂಡತಿ ಹುಸೇನಬಿ, ಮಗಳು ಜೈನಬಿ. ನೆಮ್ಮದಿಯಾಗಿದ್ದೆವು. ಪಕ್ಕದ ಖಾಲಿ ಮಳಿಗೆಗೆ ಆ ಇಟಲಿಯವನು ಬರುವ ತನಕ.

ಅವನು ಪಲ್ಟನ್ನಿನ ಬ್ಯಾಂಡಿನವರಿಗೆ ತುತ್ತೂರಿ ಕಲಿಸಲು ಬಂದವನು. ವಯಸ್ಸಾಗಿ ನೌಕರಿ ಮುಗಿದಾಗ ಎಲ್ಲರಂತೆ ಹಡಗು ಹತ್ತಿ ಹೋಗದೆ ಇಲ್ಲೇ ಉಳಿದುಬಿಟ್ಟ. ಅವನ ಹೆಸರು ಜುಸೆಪ್ಪೆ. ಬೇರೆ ಊರಿನವರಿಗೆ ಅದು ನಾಲಿಗೆಗೆ ತೊಡಕಾಗುತ್ತಿತ್ತೋ ಏನೋ, ಮಲ್ಲಪ್ಪ, ಎರ್ರೆಪ್ಪ, ಪಂಪಣ್ಣರ ನಮ್ಮೂರಿನಲ್ಲಿ ಬಂದ ದಿನವೇ ಅವನು ಜೋಸಪ್ಪನಾದ. ಅವನಿಗೂ ಅದು ಹಿಡಿಸಿತು. ಕೇಳಿದವರಿಗೆಲ್ಲ ತಾನೇ ಎದೆ ಮುಟ್ಟಿಕೊಂಡು "ನಾ ಜೋಸಪ್ಪ" ಎನ್ನುತ್ತಿದ್ದ. ಕನ್ನಡವನ್ನು ಅವನು ಕಲಿತದ್ದು ಕುದುರೆ ಲಾಯದ ಆಳುಗಳಿಂದ. ಅವರು ಕುದುರೆಗೂ ಪರಸ್ಪರರಿಗೂ ಒಂದೇ ಭಾಷೆ ಬಳಸುವವರು. ಹಾಗಾಗಿ ಮಾತಿನ ಕೊನೆಗೆ "ಲೇ" ಸೇರಿಸದಿದ್ದರೆ ಕನ್ನಡ ಪೂರ್ತಿಯಾಗುವುದಿಲ್ಲವೆಂದು ಅವನ ದೃಢ ನಂಬಿಕೆ. ನಾನು ಎಷ್ಟೋ ಸಲ ತಿದ್ದಿದೆ. "ಹಿರ್ಯಾರಿಗೆ ರೀ ಅನ್ಬೇಕು ಜೋಸಪ್ಪ" ಅಂದರೆ, "ಆಯ್ತು ಲೇ" ಎನ್ನುತ್ತಿದ್ದ.

ಮಳಿಗೆಯಲ್ಲಿ ನಾಲ್ಕು ಮೇಜು ಹಾಕಿ ಅವನು ತನ್ನ ದೇಶದ ಊಟದ ಹೋಟೆಲು ತೆರೆದ. ಮೇಜಿಗೆ ಬಿಳಿ ಬಟ್ಟೆ ಹೊಲಿದುಕೊಟ್ಟವನು ನಾನೇ. ಕರ್ನಲ್ ಸಾಹೇಬರು ಬರುತ್ತಾರೆ, ಮೇಮ್‌ಸಾಹೇಬರು ಕೊಡೆ ಹಿಡಿದು ಬರುತ್ತಾರೆ ಎಂದು ಅವನ ಲೆಕ್ಕ. ಸಾಹೇಬರಿಗೆ ಅವರದೇ ಊಟದ ಬಂಗಲೆಯಿತ್ತು. ನಿನ್ನೆ ತಮ್ಮೆದುರು ಸಲಾಮು ಹೊಡೆದು ತುತ್ತೂರಿ ಊದಿದವನ ಅಂಗಡಿಗೆ ಬಂದು ಕೂರುವುದು ಅವರ ಮರ್ಯಾದೆಗೆ ಸರಿಬೀಳಲಿಲ್ಲ. ಊರಿನವರಿಗೆ ಜಾತಿಯ ಭಯ, ನಮ್ಮವರಿಗೆ ಹಂದಿಯ ಭಯ. ಹೀಗೆ ಎಲ್ಲ ಕಡೆಯ ಬಾಗಿಲೂ ಮುಚ್ಚಿದಾಗ ಗೋಡೆಯಾಚೆ ಉಳಿದವನು ನಾನೊಬ್ಬ.

ಮೊದಲ ದಿನ ಅವನು ನನ್ನ ಮುಂದಿಟ್ಟದ್ದು ಮೆಕರೋನಿ. ಮದರಾಸಿನಿಂದ ರೈಲಿನಲ್ಲಿ ಪೆಟ್ಟಿಗೆ ತುಂಬ ತರಿಸಿದ್ದು. ನಮ್ಮ ಶ್ಯಾವಿಗೆಗೆ ಮೈಕೈ ತುಂಬಿ, ನಡುವೆ ತೂತು ಕೊರೆದರೆ ಹೇಗಿರುತ್ತದೋ ಹಾಗೆ. ಶ್ಯಾವಿಗೆಗೆ ನಾವು ಹಾಲು ಬೆಲ್ಲ ಹಾಕುತ್ತೇವೆ. ಅವನು ಟೊಮ್ಯಾಟೊ ಎಂದು ಸಾಹೇಬರು ಕರೆಯುವ ಕೆಂಪು ಹಣ್ಣನ್ನು ಕುದಿಸಿ ಸುರಿದಿದ್ದ. ಮೇಲೆ, ಬಟ್ಟೆಯ ಗಂಟಿನಿಂದ ಸಾಬೂನಿನಂಥ ಹಳದಿ ಗಟ್ಟಿಯೊಂದನ್ನು ತೆಗೆದು, ಅರದಂಥ ತಗಡಿಗೆ ಗಸಗಸ ಉಜ್ಜಿದ. ಕೈತೊಳೆಯಲು ಇರಬೇಕೆಂದು ನಾನು ಕೈ ಮುಂದೆ ಚಾಚಿದೆ. ಅದು ಊಟದ ಮೇಲೆಯೇ ಉದುರಿತು. ತಟ್ಟೆಯ ಪಕ್ಕದಲ್ಲಿ ಮುಳ್ಳಿನ ಚಮಚ. ಅದರಿಂದ ಒಂದನ್ನು ಎತ್ತಿದರೆ ಉಳಿದವೆಲ್ಲ ಜಾರುತ್ತಿದ್ದವು. ಜಾರದೆ ಉಳಿದದ್ದು ತುಟಿಯ ತನಕ ಬಂದು, ಬಾಲ ಬೀಸಿ, ನನ್ನ ಬಿಳಿ ಜುಬ್ಬಕ್ಕೆ ಕೆಂಪು ಹಚ್ಚಿತು. ಅರ್ಧಂಬರ್ಧ ಬೆಂದಿದೆಯಲ್ಲ ಎಂದು ನಾನು ಮೆಲ್ಲಗೆ ಹೇಳಿದ್ದಕ್ಕೆ ಜೋಸಪ್ಪನಿಗೆ ನೋವಾಯಿತು. "ಹಲ್ಲಿಗೆ ಸಿಗಬೇಕು ಲೇ. ಮೆತ್ತಗ ಮಾಡಿದ್ರ ನಮ್ಮವ್ವ ಸಮಾಧಿಯಿಂದ ಎದ್ದು ಬರ್ತಾಳ" ಎಂದ.

ರುಚಿ ಮಾತ್ರ ಚೆನ್ನಾಗಿತ್ತು. ನನಗೆ ತೊಂದರೆಯಾದದ್ದೇ ಅದರಿಂದ. ಚೆನ್ನಾಗಿಲ್ಲದಿದ್ದರೆ ಒಂದು ದಿನಕ್ಕೆ ಬಿಟ್ಟುಬಿಡುತ್ತಿದ್ದೆ. ಜುಬ್ಬ ಕಂಡು ಹುಸೇನಬಿ ಓಡಿಬಂದು, "ಎಲ್ಲಿ ಚುಚ್ಚಿಗೊಂಡ್ರಿ? ಕತ್ತರಿ ಏನು?" ಎಂದು ಎದೆ ತಡವಿದಳು. ವಿಷಯ ತಿಳಿದ ಮೇಲೆ ಅವಳ ಗಾಬರಿ ಬೇರೆ ದಿಕ್ಕಿಗೆ ತಿರುಗಿತು. ಅದರಲ್ಲಿ ಏನೇನಿತ್ತು, ಯಾವ ಪಾತ್ರೆಯಲ್ಲಿ ಮಾಡಿದ್ದ, ಹೆಂಡ ಹಾಕಿದ್ದನೋ ಇಲ್ಲವೋ ಎಂದು ವಕೀಲರ ಹಾಗೆ ಕೇಳಿದಳು. ಮರುದಿನ ತಾನೇ ಗೋಡೆಯ ಬಳಿ ನಿಂತು ಜೋಸಪ್ಪನನ್ನೂ ವಿಚಾರಿಸಿದಳು. ಅವನು ಸಿಟ್ಟಾಗಲಿಲ್ಲ. ಪೇಟೆಗೆ ಹೋಗಿ ಹೊಸ ತಾಮ್ರದ ಪಾತ್ರೆ ತಂದು ಅವಳಿಗೆ ತೋರಿಸಿ, "ಇದು ನಿಮ್ಮದು. ಇದ್ರಾಗ ಬರೇ ತರಕಾರಿ, ಬೆಣ್ಣಿ" ಎಂದ. ಆಶ್ಚರ್ಯವೆಂದರೆ ಅವಳೆದುರು ಅವನ ಬಾಯಿಂದ ಒಮ್ಮೆಯೂ "ಲೇ" ಬರಲಿಲ್ಲ. ಹುಸೇನಬಿಯ ಮುಂದೆ ನನಗೂ ಬರುವುದಿಲ್ಲ.

ಹೀಗೆ ನಡೆಯುತ್ತಿರುವಾಗ ಒಂದು ದಿನ ಅವನು ಸಪ್ಪಗೆ ಕೂತಿದ್ದ. ನಾನೊಬ್ಬ ತಿಂದರೆ ಹೋಟೆಲು ನಡೆಯುವುದಿಲ್ಲ, ಮುಚ್ಚಿ ಊರಿಗೆ ಹೋಗುತ್ತೇನೆ ಎಂದ. "ಊರಾಗ ಯಾರದಾರ?" ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ, "ಯಾರಿಲ್ಲ ಲೇ" ಎಂದ. ಅವನಿಗೆ ಸಮಾಧಾನ ಹೇಳುವಷ್ಟು ನನ್ನ ಮನಸ್ಸೂ ಹಗುರಾಗಿರಲಿಲ್ಲ. ಜೈನಬಿಯನ್ನು ನೋಡಲು ಸಿರುಗುಪ್ಪದಿಂದ ಬರುವವರಿದ್ದರು. ಭತ್ತದ ವ್ಯಾಪಾರದ ಮನೆತನ. ಹುಡುಗ ಒಳ್ಳೆಯವನು, ಹಿಂದೊಮ್ಮೆ ಅವನು ಅಂಗಡಿಗೆ ಬಂದಾಗ ಜೈನಬಿಯೂ ಕಿಟಕಿಯಿಂದ ನೋಡಿ ಬೇಡವೆಂದಿರಲಿಲ್ಲ. ಆದರೆ ಹೂಂ ಎನ್ನಬೇಕಾದವರು ಹುಡುಗನ ಅಜ್ಜ ಖಾಸಿಂಸಾಬರು. ಅವರು ಹಚ್ಚೊಳ್ಳಿಯ ಹೆಣ್ಣನ್ನು ಬೇಡವೆಂದಿದ್ದರು, ಕರೂರಿನದನ್ನೂ ಬೇಡವೆಂದಿದ್ದರು. ಎಲ್ಲ ಕಡೆಯೂ ಊಟಕ್ಕೆ ಕೂರುವ ತನಕ ಚೆನ್ನಾಗಿರುತ್ತಾರಂತೆ. ಕೂತ ಮೇಲೆ ಮುಖ ಗಂಟಿಕ್ಕಿ, ಏನಾದರೊಂದು ಕೊಂಕು ತೆಗೆದು ಎದ್ದು ಹೋಗುತ್ತಾರಂತೆ. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ.

ಅವರು ಬರುವ ಹಿಂದಿನ ದಿನ ನಾನು ಜೋಸಪ್ಪನಿಗೆ, ನಾಳೆ ಬೀಗರು ಬರುತ್ತಾರೆ, ನಿನಗೆ ಸುಮ್ಮನೆ ತೊಂದರೆ ಬೇಡ, ನಿನ್ನ ಕೆಲಸದಲ್ಲೇ ನೀನಿರು ಎಂದು ಬಹಳ ನಯವಾಗಿ ಹೇಳಿದೆ. ನಯದ ಕನ್ನಡ ಲಾಯದಲ್ಲಿ ಬಳಕೆಯಿಲ್ಲ. ಅವನು ಅದನ್ನು ಆಮಂತ್ರಣವೆಂದು ತಿಳಿದು ನನ್ನ ಕೈ ಕುಲುಕಿದ.

ಮರುದಿನ ಮಧ್ಯಾಹ್ನ ಖಾಸಿಂಸಾಬರು, ಅವರ ಮಗ, ಮೊಮ್ಮಗ ಮೂವರೂ ಜಮಖಾನೆಯ ಮೇಲೆ ಕೂತರು. ಅಜ್ಜನವರದು ಎತ್ತರದ ಮೈಕಟ್ಟು, ಬೆಳ್ಳಗಿನ ಗಡ್ಡ, ಶಾಲಿನ ಸೆರಗನ್ನು ಸದಾ ಬಾಯಿಗೆ ಅಡ್ಡ ಹಿಡಿದಿರುತ್ತಿದ್ದರು. ಹುಸೇನಬಿ ಮಾಂಸದ ಪಲಾವು ಮಾಡಿದ್ದಳು, ಕೆಂಡದ ಮೇಲೆ ಸುಟ್ಟ ಕಬಾಬು ಮಾಡಿದ್ದಳು. ಅವಳ ಪಲಾವಿಗೆ ಕಂಟೋನ್ಮೆಂಟಿನಲ್ಲೇ ಹೆಸರಿದೆ. ಅಜ್ಜ ಅನ್ನವನ್ನು ಬೆರಳಿನಿಂದ ಅತ್ತಿತ್ತ ಸರಿಸಿದರು. ಒಂದು ಗುಟುಕು ನೀರು ಕುಡಿದರು. ಆಮೇಲೆ, "ಉಪ್ಪು ಜಾಸ್ತಿ ಆಗೈತಿ" ಎಂದರು.

ಅವರ ಮಗ ತಲೆ ತಗ್ಗಿಸಿದ. ಪರದೆಯ ಹಿಂದಿನಿಂದ ಹುಸೇನಬಿಯ ಪಿಸುಮಾತು ಬಂತು: "ಉಪ್ಪು ಸರಿ ಐತಿ." ಪಿಸುಮಾತಾದರೂ ಗಾಡಿಯ ಎತ್ತುಗಳಿಗೂ ಕೇಳಿಸುವಂತಿತ್ತು. ಅಜ್ಜ ಇನ್ನೂ ಗಂಟು ಮುಖ ಮಾಡಿ, "ಈ ಓಣ್ಯಾಗ ಧೂಳು ಭಾಳ. ನಡೀರಿ, ಗಾಡಿ ಕಟ್ಟಾಕ ಹೇಳ್ರಿ" ಎಂದು ಏಳಲು ಒಂದು ಕೈ ಊರಿದರು. ಹುಡುಗ ತಟ್ಟೆಯನ್ನೇ ನೋಡುತ್ತಿದ್ದ. ಒಳಗೆ ಜೈನಬಿಯ ಬಳೆಯ ಸದ್ದು ಕೂಡ ನಿಂತುಹೋಯಿತು.

ಆಗಲೇ ಜೋಸಪ್ಪ ಬಂದ. ಬ್ಯಾಂಡಿನ ಕೆಂಪು ಕೋಟು, ಹಿತ್ತಾಳೆ ಗುಂಡಿ, ಕೈಯಲ್ಲಿ ಆ ತಾಮ್ರದ ಪಾತ್ರೆ. ಬೀಗರು ಊಟಕ್ಕೆ ಕೂರುವುದನ್ನೇ ಕಾಯುತ್ತಾ ಅವನು ತನ್ನ ಬಾಗಿಲ ಸಂದಿಯಲ್ಲಿ ನಿಂತಿದ್ದನಂತೆ. ಕಾದು ಕಾದು ಒಲೆಯ ಮೇಲಿನ ಮೆಕರೋನಿ ಬೆಂದು, ಮತ್ತೂ ಬೆಂದು, ಮುದ್ದೆಯಾಗಿತ್ತು. ಅದಕ್ಕೆ ಅವನ ಮುಖದಲ್ಲಿ ನಾಚಿಕೆಯಿತ್ತು. ಆದರೂ ನೇರ ಅಜ್ಜನ ಮುಂದೆ ಮಂಡಿಯೂರಿ, ತಟ್ಟೆಗೆ ಒಂದು ಸೌಟು ಬಡಿಸಿ, "ಯಾಕ್ಲೇ ಅಜ್ಜ, ಏನೂ ತಿಂದಿಲ್ಲ? ತಿನ್ನು ಲೇ" ಎಂದ.

ಸಿರುಗುಪ್ಪದಲ್ಲಿ ಎದುರು ಬಂದವರು ಚಪ್ಪಲಿ ಕಳಚಿ ನಿಲ್ಲುವಂಥ ಮನುಷ್ಯ ಅವರು. ನಾನು ಕಣ್ಣು ಮುಚ್ಚಿಕೊಂಡೆ.

"ಯಾರಿಗೆ ಅಂದಿ ಲೇ ಅಂತ?" ಅಜ್ಜನ ದನಿ.

"ನಿನಗ ಲೇ" ಜೋಸಪ್ಪನ ದನಿ.

ಆಮೇಲೆ ಒಂದು ವಿಚಿತ್ರ ಸದ್ದು ಕೇಳಿ ಕಣ್ಣು ತೆರೆದೆ. ಖಾಸಿಂಸಾಬರು ನಗುತ್ತಿದ್ದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. "ನಮ್ಮವ್ವ ಹ್ವಾದ ಮ್ಯಾಲೆ ನನಗ ಲೇ ಅನ್ನವ್ರು ಯಾರೂ ಉಳಿದಿದ್ದಿಲ್ಲ" ಎಂದರು. ಶಾಲಿನ ಸೆರಗು ಜಾರಿತ್ತು, ಬಾಯಿ ಪೂರ್ತಿ ತೆರೆದಿತ್ತು. ಅದರಲ್ಲಿ ಹೆಸರಿಗೂ ಒಂದು ಹಲ್ಲಿರಲಿಲ್ಲ. ಅವರ ಮಗ ಮೆಲ್ಲಗೆ ಕಣ್ಣು ಬೇರೆ ಕಡೆ ತಿರುಗಿಸಿದ. ಮನೆಯವರಿಗೆಲ್ಲ ಗೊತ್ತಿದ್ದು ಯಾರೂ ಬಾಯಿಬಿಡದ ಗುಟ್ಟು ಅದು. ಪಾಪ, ಊರೂರು ತಿರುಗಿದರೆ ಎಲ್ಲರೂ ಮರ್ಯಾದೆಗೆಂದು ಎಲುಬು ಸಮೇತ ಮಾಂಸವನ್ನೇ ಇಡುತ್ತಿದ್ದರು. ಅಗಿಯಲಾರೆ ಎನ್ನಲು ಮನಸ್ಸು ಬಾರದೆ ಅವರು ಸಂಬಂಧವನ್ನೇ ಬೇಡವೆನ್ನುತ್ತಿದ್ದರು.

ಅಜ್ಜ ಮೆಕರೋನಿಯ ಮುದ್ದೆಯನ್ನು ಒಂದು ತುತ್ತು ಬಾಯಿಗಿಟ್ಟರು, ಇನ್ನೊಂದು ಇಟ್ಟರು, ತಟ್ಟೆ ಮುಂದೆ ತಳ್ಳಿ "ಹಾಕು ಲೇ" ಎಂದರು. ಒಳಗೆ ಹುಸೇನಬಿ ಎಲ್ಲವನ್ನೂ ತಿಳಿದುಕೊಂಡಿದ್ದಳು. ಒರಳಿನಲ್ಲಿ ಕಬಾಬು ಕುಟ್ಟುವ ಸದ್ದು ಬಂತು. ಬೆಣ್ಣೆಯಂತೆ ನುಣ್ಣಗಾದ ಅದನ್ನು ಬಟ್ಟಲಲ್ಲಿ ಕಳಿಸಿ, ಪರದೆಯ ಹಿಂದಿನಿಂದಲೇ, "ಉಪ್ಪು ಹೆಂಗೈತಿ ಕೇಳ್ರಿ" ಎಂದಳು. ನಾನು ಕೇಳುವ ಧೈರ್ಯ ಮಾಡಲಿಲ್ಲ. ಅಜ್ಜನೇ ಹೇಳಿದರು: "ಸರಿ ಐತವ್ವ. ಆವಾಗೂ ಸರಿನೇ ಇತ್ತು." ಆ ಸಂಜೆ ಗಾಡಿ ಕಟ್ಟುವ ಮೊದಲು ಮದುವೆಯ ಮಾತು ಮುಗಿದಿತ್ತು.

ಜೈನಬಿ ಈಗ ಸಿರುಗುಪ್ಪದಲ್ಲಿ ಸುಖವಾಗಿದ್ದಾಳೆ. ಜೋಸಪ್ಪ ಊರಿಗೆ ಹೋಗಲಿಲ್ಲ. ಖಾಸಿಂಸಾಬರು ಬಳ್ಳಾರಿಗೆ ಬಂದಾಗಲೆಲ್ಲ ಅವನಲ್ಲೇ ಉಣ್ಣತೊಡಗಿದರು. ತಮ್ಮ ಓರಗೆಯವರಿಗೂ ಹೇಳಿದರು. ಸಿರುಗುಪ್ಪದ ಅಜ್ಜಂದಿರು ಬಂದರು, ಅವರ ಹಿಂದೆ ಪೇಟೆಯ ಅಜ್ಜಂದಿರು ಬಂದರು. ಕುರುಗೋಡಿನ ಗೌಡರೊಬ್ಬರು ಜಾತಿಗೆ ಹೆದರಿ ಹಿತ್ತಲ ಬಾಗಿಲಿನಿಂದ ಬಂದು, ಅಲ್ಲಿ ಆಗಲೇ ಕೂತಿದ್ದ ಇನ್ನೊಬ್ಬ ಗೌಡರನ್ನು ಕಂಡು ಸಮಾಧಾನಪಟ್ಟರು. ಕರ್ನಲ್ ಸಾಹೇಬರಿಗಾಗಿ ಹಾಸಿದ ಬಿಳಿ ಬಟ್ಟೆಯ ಮುಂದೆ ಈಗ ಹಲ್ಲಿಲ್ಲದ ಹಿರಿಯರು ಸಾಲಾಗಿ ಕೂತು ಹಾಯಾಗಿ ಉಣ್ಣುತ್ತಾರೆ. ಮೆಕರೋನಿಯನ್ನು ಇನ್ನೂ ಮೆತ್ತಗೆ ಬೇಯಿಸು ಎಂದು ಅವರು, ಅಷ್ಟು ಆಗುವುದಿಲ್ಲ ಎಂದು ಜೋಸಪ್ಪ, ದಿನಾ ಜಗಳ. ಕೊನೆಗೆ ಅವನೇ ಸೋತು, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, ತೀರಿಹೋದ ತಾಯಿಯ ಕ್ಷಮೆ ಕೇಳಿ ಪಾತ್ರೆಯನ್ನು ಮತ್ತೆ ಒಲೆಗೇರಿಸುತ್ತಾನೆ. ಊರಿನವರು ಆ ಜಾಗಕ್ಕೆ ಬೊಚ್ಚುಬಾಯಿ ಹೋಟೆಲು ಎಂದು ಹೆಸರಿಟ್ಟಿದ್ದಾರೆ.

ಇದೆಲ್ಲದರಿಂದ ನಷ್ಟವಾದದ್ದು ನನಗೆ ಮಾತ್ರ. ನಾನೂ ದಿನಾ ಅಲ್ಲಿಗೆ ಹೋಗುವವನಲ್ಲವೇ? ಹೊರಗೆ ಬರುವಾಗ ದಾರಿಯವರು ನನ್ನ ಬಾಯಿಯನ್ನೇ ನೋಡತೊಡಗಿದರು. ಕುರುಗೋಡಿನಿಂದ ಅಂಗಡಿಗೆ ನೂಲು ತಂದುಕೊಡುವ ಬಸಣ್ಣ ಒಂದು ದಿನ ಬಹಳ ಮರುಕದಿಂದ, "ಇಷ್ಟು ಸಣ್ಣ ವಯಸ್ಸಿಗೇ ಹಿಂಗಾಗಬಾರದಿತ್ರಿ" ಎಂದ. ನನ್ನ ಒಂದು ಹಲ್ಲೂ ಅಲುಗಿಲ್ಲ. ಅದನ್ನು ಬಾಯಲ್ಲಿ ಹೇಳುತ್ತಾ ತಿರುಗುವುದು ಚೆನ್ನಾಗಿರುವುದಿಲ್ಲವೆಂದು, ಅಂದಿನಿಂದ ಜೋಸಪ್ಪನ ಹೊಸ್ತಿಲು ದಾಟುವಾಗ ದವಡೆಯ ತನಕ ಕಾಣುವಂತೆ ಬಾಯಗಲಿಸಿ ನಕ್ಕುಕೊಂಡೇ ಬರುತ್ತೇನೆ. ಮೊನ್ನೆ ಹಾಗೆ ಬರುವಾಗ ಬಸಣ್ಣನೇ ಎದುರಾದ. ಸಂತೋಷದಿಂದ ಇನ್ನಷ್ಟು ಬಾಯಿ ತೆರೆದೆ. ಅವನು ಹತ್ತಿರ ಬಂದು, ಬಗ್ಗಿ, ಮೇಲಿನ ಸಾಲು ಕೆಳಗಿನ ಸಾಲು ಎರಡನ್ನೂ ಸಾವಕಾಶವಾಗಿ ನೋಡಿ ತಲೆದೂಗಿದ.

"ಖರೇ ಹಲ್ಲಿನಂಗೇ ಅದಾವ ನೋಡ್ರಿ. ನಮ್ಮಪ್ಪಗೂ ಕಟ್ಟಸಬೇಕು. ಯಾವ ಡಾಕ್ಟರ್ ಹಂತ್ಯಾಕ ಹೋಗಿದ್ರಿ?"