ಹರಳೆಣ್ಣೆ ಕುಡಿದ ಲಾರಿ

ಎಣ್ಣೆಯ ವಿಷಯದಲ್ಲಿ ಸಾಗರ ಪೇಟೆಯಲ್ಲಿ ನನ್ನ ಮಾತೇ ಕೊನೆಯ ಮಾತಾಗಿದ್ದ ಕಾಲ ಅದು. ನಮ್ಮ ಅಂಗಡಿಯಲ್ಲಿ ಎಳ್ಳೆಣ್ಣೆ, ಕೊಬ್ಬರಿ ಎಣ್ಣೆ, ಹೊಂಗೆಣ್ಣೆ, ಹರಳೆಣ್ಣೆ ಎಲ್ಲವೂ ಡಬ್ಬಿಗಟ್ಟಲೆ ಇರುತ್ತಿದ್ದವು. ಅಂಗೈಗೆ ಎರಡು ತೊಟ್ಟು ಬಿಟ್ಟುಕೊಂಡು, ಉಜ್ಜಿ, ಮೂಸಿ, ನಾಲಿಗೆಯ ತುದಿಗೆ ಮುಟ್ಟಿಸಿದರೆ ಸಾಕು, ಯಾವ ಗಾಣದ್ದು ಎಂದು ಹೇಳಿಬಿಡುತ್ತಿದ್ದೆ. ಇಂಥವನು ಯಃಕಶ್ಚಿತ್ ಒಂದು ಲಾರಿಗೆ ಎಣ್ಣೆ ಆರಿಸಲಾರನೆ?

ಲಾರಿ ಎಂದರೆ ಯುದ್ಧದ ಕಾಲದ್ದು. ಮಿಲಿಟರಿಯವರು ಹರಾಜು ಹಾಕಿದ್ದನ್ನು ಯಾರೋ ಕೊಂಡು, ಅವರಿಂದ ಇನ್ಯಾರೋ ಕೊಂಡು, ಕೊನೆಗೆ ನನ್ನ ಕೊರಳಿಗೆ ಬಿದ್ದಿತ್ತು. ಅದರ ಎಂಜಿನ್ನು ಮುಂದೆ ಮೂತಿಯಲ್ಲಿರದೆ ಡ್ರೈವರ್ ಪಕ್ಕದಲ್ಲೇ ತಗಡಿನ ಪೆಟ್ಟಿಗೆಯೊಳಗೆ ಕುಳಿತಿತ್ತು. ಮುಚ್ಚಳ ಎತ್ತಿದರೆ ದರ್ಶನ. ಮುಚ್ಚಿಟ್ಟ ವಸ್ತು ಕಂಡರೆ ಒಳಗೇನಿದೆ ಎಂದು ಇಣುಕದೆ ಇರಲಾರದ ಚಾಳಿ ನನ್ನದು. ನಮ್ಮ ಕಡೆಯ ಜನವೂ ಹಾಗೆಯೇ. ಲಾರಿ ಯಾವ ಊರಲ್ಲಿ ನಿಂತರೂ ಹಿರಿಯರು ಬಂದು, ಎತ್ತಿನ ಹಲ್ಲು ನೋಡುವವರ ಗಾಂಭೀರ್ಯದಿಂದ, ಮುಚ್ಚಳ ತೆಗೆಸಿ ಎಂಜಿನ್ನು ನೋಡಿಯೇ ಹೋಗುತ್ತಿದ್ದರು.

ಹೀಗಿರುವಾಗ ನನ್ನ ಹೆಂಡತಿ ವಿಮಲೆಯ ತಮ್ಮ ಧರಣೇಂದ್ರನಿಗೆ ಕೋಣಂದೂರಿನ ಹುಡುಗಿ ಗೊತ್ತಾದಳು. ವಿಮಲೆಯ ತವರಾದ ಹೊಸನಗರದಿಂದ ದಿಬ್ಬಣ ಎತ್ತಿನ ಗಾಡಿಗಳಲ್ಲಿ ಹೊರಡುವುದೆಂದು ಮಾವನವರು ನಿಶ್ಚಯಿಸಿದ್ದರು. ಲಾರಿ ಇರುವ ಅಳಿಯ ಬದುಕಿರುವಾಗ ಗಾಡಿಯೆ? ಬೇಡವೇ ಬೇಡ ಎಂದು ನಾನೇ ಅಡ್ಡ ಬಂದೆ. ಮುಹೂರ್ತ ಮಧ್ಯಾಹ್ನಕ್ಕಿತ್ತು.

“ನನ್ನ ತಮ್ಮನ್ನ ಹೊತ್ತಿಗೆ ಸರಿಯಾಗಿ ಮಂಟಪ ಮುಟ್ಸಿ. ಇಲ್ದಿದ್ರೆ ತವರಿಗೆ ನಾನು ಮುಖ ತೋರ್ಸೋ ಹಾಗಿಲ್ಲ” ಎಂದಳು ವಿಮಲೆ. ನಾನು ನಕ್ಕೆ. ಆಗ ನಗು ಬರುತ್ತಿತ್ತು.

ಮೊದಲು ಬಣ್ಣದ ಕೆಲಸ. ಬೀಗರ ಕಡೆಯವರು ಮುಚ್ಚಳ ಎತ್ತಿಸದೆ ಬಿಡುವುದಿಲ್ಲ. ಒಳಗಿನ ಕರಿ ಜಿಡ್ಡು ಕಂಡರೆ ನಮ್ಮ ಮರ್ಯಾದೆ ಏನಾಗಬೇಕು? ಅಂಗಡಿಯ ಬಾಗಿಲಿಗೆ ತಂದ ಎಲೆಹಸಿರು ಬಣ್ಣ ಉಳಿದಿತ್ತು. ಎಂಜಿನ್ನನ್ನು ತಿಕ್ಕಿ ತೊಳೆದು ಅದನ್ನೇ ಬಳಿದೆ. ಕೊಳವೆಗೆ ಹಸಿರು, ತಂತಿಗೆ ಹಸಿರು, ಅಂಚಿಗೆ ಮಾತ್ರ ಕೆಂಪು ಗೆರೆ. ನನ್ನ ಮೂಗಿಗೂ ಸ್ವಲ್ಪ ಹಸಿರು.

ಬಳಿಯುತ್ತ ಹೋದಂತೆ ಒಂದು ಕಡೆ ಸಣ್ಣ ಕೊಳವೆಯೊಂದು ಬಾಯಿ ತೆರೆದುಕೊಂಡು ನಿಂತಿದ್ದು ಕಂಡಿತು. ಯಾವುದಕ್ಕೂ ಜೋಡಿಸಿಲ್ಲ. ಇದೇಕೆ ಹೀಗೆ? ಕಣ್ಣಿಟ್ಟು ನೋಡಿದೆ, ಊದಿ ನೋಡಿದೆ, ಕಿವಿಯಿಟ್ಟೂ ಕೇಳಿದೆ. ಮೂಸಿದಾಗ ಒಳಗಿನಿಂದ ಎಣ್ಣೆಯ ವಾಸನೆ ಬಂತು. ತಕ್ಷಣ ನನ್ನೊಳಗಿನ ಅಂಗಡಿಕಾರ ಎಚ್ಚೆತ್ತ. ಎಣ್ಣೆ ಇರುವ ಪಾತ್ರೆಯ ಬಾಯಿ ತೆರೆದಿಟ್ಟರೆ ಇರುವೆ ಬೀಳದೆ ಇದ್ದೀತೆ? ಮೇಲಾಗಿ ನಾವು ಜೈನರು. ಇರುವೆ ಸತ್ತರೆ ಎಣ್ಣೆ ಕೆಡುವುದರ ಜೊತೆಗೆ ಪಾಪವೂ ಸುತ್ತಿಕೊಳ್ಳುತ್ತದೆ. ಡಬ್ಬಿಗೆ ಮಾಡುವಂತೆ ಹಳೆ ಪಂಚೆಯ ತುಂಡು ಸುತ್ತಿ, ಬೂಚು ಮಾಡಿ, ಗಟ್ಟಿಯಾಗಿ ತುರುಕಿ, ಮೇಲೆ ಬಣ್ಣ ಬಳಿದೆ. ಅಂದವೂ ಆಯಿತು, ಜೀವದಯೆಯೂ ಆಯಿತು!

ಇನ್ನು ಎಣ್ಣೆ. ಲಾರಿ ಮಾರಿದವನು ಎಂಜಿನ್ ಆಯಿಲ್ ಬಿಟ್ಟು ಬೇರೇನೂ ಹಾಕಬೇಡಿ ಎಂದು ಹೇಳಿ ಒಂದು ಡಬ್ಬಿ ಕೊಟ್ಟಿದ್ದ. ಅಂಗೈಗೆ ಬಿಟ್ಟು ಉಜ್ಜಿದೆ, ಮೂಸಿದೆ. ಯಾವ ಕಾಳಿನಿಂದ ತೆಗೆದದ್ದೆಂದೇ ತಿಳಿಯಲಿಲ್ಲ. ಕುಲಗೋತ್ರ ಗೊತ್ತಿಲ್ಲದ ಎಣ್ಣೆಯನ್ನು ಮದುವೆಯ ಲಾರಿಗೆ ಹಾಕುವುದೆ? ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ. ಎಳ್ಳೆಣ್ಣೆ ತೀರ ತೆಳು. ಹರಳೆಣ್ಣೆ ಮಾತ್ರ ಅಂಗೈ ಬಿಟ್ಟು ಕದಲಲೊಲ್ಲದು. ಗಾಡಿಯ ಅಚ್ಚಿಗೆ ತಲೆತಲಾಂತರದಿಂದ ಅದನ್ನೇ ಸವರಿದ್ದೇವೆ. ಲಾರಿಯೆಂದರೆ ಎತ್ತಿಲ್ಲದ ಗಾಡಿ ತಾನೆ! ಹಳೆಯದನ್ನು ಬಸಿದು ಹರಳೆಣ್ಣೆ ಸುರಿದೆ. ಗಿರಾಕಿಗೆ ಕೊಡುವಂತೆ ಮೇಲೊಂದಿಷ್ಟು ಕೊಸರನ್ನೂ ಬಿಟ್ಟೆ.

“ಹರಳೆಣ್ಣೆ ಕುಡ್ಸಿದ್ರೆ ಮಕ್ಳಿಗೆ ಎಂತಾಗತ್ತೆ ಗೊತ್ತಲ್ಲ” ಎಂದಳು ವಿಮಲೆ.

“ಎಂಜಿನ್ನಿಗೆ ಹೊಟ್ಟೆ ಇಲ್ಲ ಮಾರಾಯ್ತಿ” ಎಂದೆ.

ಮದುವೆಯ ಬೆಳಗ್ಗೆ ಹೊಸನಗರದಿಂದ ಹೊರಟೆವು. ಹಿಂದೆ ದಿಬ್ಬಣದವರು, ವಾದ್ಯದವರು. ಮುಂದೆ ನಾನು ಸ್ಟೀರಿಂಗ್ ಹಿಡಿದು, ಎಂಜಿನ್ ಪೆಟ್ಟಿಗೆಯ ಆಚೆ ಬಿಳಿ ರೇಷ್ಮೆ ಪಂಚೆಯ ಮದುಮಗ, ಬಾಗಿಲ ಬಳಿ ವಿಮಲೆ. ಮೊದಲು ಬಣ್ಣ ಸುಟ್ಟ ವಾಸನೆ ಬಂತು. ಹೊಸದಲ್ಲವೆ ಎಂದು ಸಮಾಧಾನ ಹೇಳಿದೆ. ಆಮೇಲೆ ಹರಳೆಣ್ಣೆಯ ವಾಸನೆ ಎದ್ದಿತು. ಧರಣೇಂದ್ರ ಚಿಕ್ಕಂದಿನದೆಲ್ಲ ನೆನಪಾದವನಂತೆ ಮುಖ ಕಿವುಚಿದ. ಕೋಣಂದೂರು ಇನ್ನೇನು ಹತ್ತಿರವಾಯಿತು ಎನ್ನುವಾಗ ಏರೊಂದು ಎದುರಾಯಿತು. ಎಂಜಿನ್ನು ಏದುಸಿರು ಬಿಡತೊಡಗಿತು.

“ಒಳಗೆ ಎಂತದೋ ಗೊರಗೊರ ಅಂತಿದೆ ಭಾವ. ತೆಗ್ದು ನೋಡ್ಲಾ?” ಎಂದ ಧರಣೇಂದ್ರ.

ನನಗೂ ಕುತೂಹಲ. ನೋಡು ಎಂದೆ.

ಅವನು ಮುಚ್ಚಳ ಎತ್ತಿದ್ದೇ ತಡ, ಎಣ್ಣೆಯ ಮಟ್ಟ ಅಳೆಯುವ ಕಡ್ಡಿ ಚಿಮ್ಮಿ ಮೇಲಿನ ತಗಡಿಗೆ ಬಡಿಯಿತು. ಅದರ ಹಿಂದೆಯೇ ಹರಳೆಣ್ಣೆ ಬುಳುಬುಳನೆ ಉಕ್ಕಿ, ನನ್ನ ಹಸಿರು ಬಣ್ಣವನ್ನೆಲ್ಲ ತೊಳೆದುಕೊಂಡು, ಮದುಮಗನ ಮಡಿಲಿಗೆ ಇಳಿಯಿತು. ರೇಷ್ಮೆ ಪಂಚೆ ನೋಡನೋಡುತ್ತ ಗಿಳಿಯ ಬಣ್ಣಕ್ಕೆ ತಿರುಗಿತು. ಪುಣ್ಯಕ್ಕೆ ಸುಡಲಿಲ್ಲ. ಅಭ್ಯಂಜನಕ್ಕೆ ಹದವಾದ ಬಿಸಿ ಇತ್ತೆಂದು ಅವನೇ ಆಮೇಲೆ ಒಪ್ಪಿಕೊಂಡ.

ಲಾರಿ ನಿಂತಿತು. ವಿಮಲೆ ಬಗ್ಗಿ ನೋಡಿ, ಕೊಳವೆಯಿಂದ ಅರ್ಧ ಹೊರಬಂದಿದ್ದ ಹಸಿರು ಬೂಚನ್ನು ಕಿತ್ತಳು. ಕೊಳವೆ ಭುಸ್ಸೆಂದು ಉಸಿರು ಬಿಟ್ಟಿತು. ಆಗ ನನಗೆ ಅರ್ಥವಾಯಿತು. ಅದು ಎಂಜಿನ್ನು ಉಸಿರಾಡುವ ಮೂಗು! ಅದರ ಮೂಗು ಮುಚ್ಚಿ ನಾನು ಗುಡ್ಡ ಹತ್ತಿಸಿದ್ದೆ.

“ಇಲ್ಲಿಗೆ ಬಟ್ಟೆ ತುರ್ಕಿದ್ದು ಯಾರು?”

“ಇರುವೆ ಬೀಳ್ಬಾರ್ದು ಅಂತ...” ಎಂದೆ.

ಅವಳು ನನ್ನನ್ನು ನೋಡಿದ ನೋಟಕ್ಕೆ ಇರುವೆಯೂ ನನಗಿಂತ ದೊಡ್ಡದಾಗಿ ಕಂಡಿತು. ಹೊತ್ತು ನೆತ್ತಿಯ ಕಡೆ ಏರುತ್ತಿತ್ತು. ಧರಣೇಂದ್ರ ಅಳುವುದೊಂದು ಬಾಕಿ. ಮುಹೂರ್ತ ತಪ್ಪಿದ ಮದುವೆಗೆ ಕಾರಣನಾದವನನ್ನು ಯಾವ ಬೀಗರು ತಾನೆ ಮರೆಯುತ್ತಾರೆ?

ವಿಮಲೆ ಮಾತ್ರ ರಸ್ತೆಯ ತಿರುವನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಗಂಟೆಯ ಸದ್ದಾಯಿತು. ತವರಿನ ಎತ್ತಿನ ಗಾಡಿ! ನನಗೆ ಸುಳಿವು ಕೊಡದೆ ಅದನ್ನು ಹಿಂದಿನ ದಿನವೇ ಕೋಣಂದೂರಿಗೆ ಹೊರಡಿಸಿ, ಹೊತ್ತಾದರೂ ಲಾರಿ ಕಾಣದಿದ್ದರೆ ಎದುರು ಬರಬೇಕೆಂದು ಹೇಳಿದ್ದಳಂತೆ. ಮದುಮಗನಿಗೆ ಇನ್ನೊಂದು ಪಂಚೆ, ಶಲ್ಯ, ಪೇಟ ಎಲ್ಲವೂ ಅದರಲ್ಲಿದ್ದವು. ಗಂಡನ ಮೇಲೆ ಅವಳಿಗೆ ಅಷ್ಟು ನಂಬಿಕೆ. ಧರಣೇಂದ್ರ ಗಾಡಿಯಲ್ಲಿ, ದಿಬ್ಬಣ ಕಾಲ್ನಡಿಗೆಯಲ್ಲಿ, ನಾನು ಎಲ್ಲರ ಹಿಂದೆ. ಅಂತೂ ಮುಹೂರ್ತಕ್ಕೆ ಮುಟ್ಟಿದೆವು. ಪಂಚೆ ಬದಲಾದರೂ ಮದುಮಗನ ಮೈಯ ವಾಸನೆ ಬದಲಾಗಲಿಲ್ಲ. ಧಾರೆಯ ಹೊತ್ತಿಗೆ ಹೆಣ್ಣು ತಲೆ ತಗ್ಗಿಸಿದ್ದು ನಾಚಿಕೆಯಿಂದಲೇ ಎಂದು ಹೇಳಲಾರೆ. ಲಾರಿಯ ಕಥೆ ಚಪ್ಪರವನ್ನೆಲ್ಲ ಸುತ್ತಿ ಬಂತು.

ಊಟಕ್ಕೆ ಕುಳಿತೆವು. ಬೀಗರ ಕಡೆಯ ಹಿರಿಯರೊಬ್ಬರು ಎಲೆಯ ಮೇಲಿನ ಪಲ್ಯವನ್ನು ದಿಟ್ಟಿಸಿ, ಕೈ ತಡೆದು, ಮೆಲ್ಲಗೆ ಕೇಳಿದರು:

“ಅಡಿಗೆಗೆ ಎಣ್ಣೆ ಯಾರ ಅಂಗಡಿದು?”

ಸಾಲಿನ ಕೈಗಳೆಲ್ಲ ನಿಂತವು. ಆ ಎಣ್ಣೆಯನ್ನು ಸ್ವತಃ ನಾನೇ ಮೂಸಿ, ಉಜ್ಜಿ, ಆರಿಸಿ, ಉಡುಗೊರೆಯೆಂದು ಕಳಿಸಿದ್ದೆ. ನಾನು ಬಾಯಿ ತೆರೆಯುವುದರೊಳಗೆ, ಜನ್ಮದಲ್ಲಿ ಸುಳ್ಳಾಡದ ವಿಮಲೆ ಸೌಟು ಹಿಡಿದು ಮುಂದೆ ಬಂದಳು.

“ತೀರ್ಥಹಳ್ಳಿ ಪೇಟೆದು. ಧೈರ್ಯವಾಗಿ ಊಟ ಮಾಡಿ.”

ಎಲ್ಲರ ಕೈಗಳೂ ಒಟ್ಟಿಗೆ ಎಲೆಗಿಳಿದವು. ಸತ್ಯ ಹೇಳಬೇಕೆಂದರೆ, ಅಲ್ಲಿಯವರೆಗೆ ನಾನೂ ಕೈ ಹಾಕಿರಲಿಲ್ಲ.