ಕೆಂಪು ಬಕೀಟಿನ ಮಂಡಕ್ಕಿ

ಸಾಕ್ಷಾತ್ ಅಗ್ನಿದೇವನೇ ಅರ್ಜಿ ಹಿಡಿದು ಬಂದರೂ ನನ್ನ ಶೆಡ್ಡಿನೊಳಗೆ ಪ್ರವೇಶವಿಲ್ಲ ಎಂದು ಹೋದ ತಿಂಗಳು ಘೋಷಿಸಿಬಿಟ್ಟೆ! ಹೊನ್ನಾಳಿಯ ನಮ್ಮ ಮನೆಯ ಹಿಂದಿರುವ ಈ ಶೆಡ್ಡಿನಲ್ಲಿ ಅಪ್ಪ ಬಡಗಿ ಕೆಲಸ ಮಾಡುತ್ತಿದ್ದರು. ನಾಲ್ಕೂ ಕಡೆ ಹಲಗೆಯ ಗೋಡೆ. ಅಲ್ಲಿಗೆ ನಾನು ಹೊಸ ವೆಲ್ಡಿಂಗ್ ಮಷೀನು ತಂದಿಟ್ಟಿದ್ದೆ.

ಹೆಂಡತಿ ಅಂಬಿಕಾ ಸೊಂಟಕ್ಕೆ ಕೈಯಿಟ್ಟು ನಿಂತಳು. "ಕಟ್ಟಿಗೆ ಪೆಟ್ಟಿಗೆ ಒಳಗೆ ಕುಂತು ಕಿಡಿ ಹಾರಿಸ್ತೀರಾ? ಒಂದೆಳೆ ಹೊಗೆ ಕಂಡ್ರೂ ಮಷೀನು ಗುಜರಿಗೆ ಹೋಗ್ತೈತೆ, ನೋಡ್ರಿ!"

"ಹೊಗೆ ಹೆಂಗೆ ಬರ್ತೈತೆ? ನಾನೇನು ದಡ್ಡನಾ?"

ಮೂಗು ಮುರಿದು ಒಳಗೆ ಹೋದಳು.

ನನಗೆ ಹಟ ಹತ್ತಿತು. ಗೋಡೆಗೆಲ್ಲ ತಗಡು ಹೊಡೆದೆ. ಮರದ ಹೊಟ್ಟು ಗುಡಿಸಿ ಗುಡಿಸಿ ಸೊಂಟ ಹಿಡಿದುಕೊಂಡಿತು. ಸಾಸ್ವೆಹಳ್ಳಿಯಿಂದ ಹೊಳೆ ಮರಳು ತರಿಸಿ, ತೊಳೆದು, ಒಣಗಿಸಿ, ಅಂಬಿಕಾಳ ರವೆ ಜರಡಿಯಲ್ಲೇ ಗುಟ್ಟಾಗಿ ಜರಡಿ ಹಿಡಿದು, ಬೆಂಕಿ ಬಿದ್ದರೆ ಸುರಿಯಲೆಂದು ಕೆಂಪು ಬಕೀಟಿಗೆ ತುಂಬಿ ಬಾಗಿಲ ಪಕ್ಕ ಇಟ್ಟೆ. ಅಂಥ ನಯವಾದ ಮರಳು ಇಡೀ ತಾಲ್ಲೂಕಿನಲ್ಲೇ ಇರಲಿಲ್ಲ. ತಪ್ಪಾಗಿದ್ದೇ ಅಲ್ಲಿ!

ಭಾನುವಾರ ಗೇಟಿನ ಮುರಿದ ಸರಳು ಬೆಸೆಯಲು ಕೂತೆ. ಮುಖಕ್ಕೆ ಕಪ್ಪು ಗಾಜಿನ ಮುಖವಾಡ. ಅಂಬಿಕಾ ಬಾಗಿಲಲ್ಲೇ ಕಾವಲು ನಿಂತಿದ್ದಳು. ಹಾರಿದ ಕಿಡಿಯೊಂದು ನಾನು ಕೂತಿದ್ದ ಗೋಣಿಚೀಲದ ಅಂಚಿಗೇ ಹತ್ತಿತು. ಗೋಡೆಗೆಲ್ಲ ತಗಡು ಹೊಡೆದ ಮಹಾಜಾಣ ತನ್ನ ಅಡಿಗೆ ಗೋಣಿ ಹಾಸಿಕೊಂಡಿದ್ದ!

"ರೀ, ಹೊಗೆ!"

"ಮರಳೈತೆ, ಹೆದರಬ್ಯಾಡ!"

ಎಗರಿ ಎದ್ದು, ಮುಖವಾಡವನ್ನೂ ತೆಗೆಯದೆ ಬಕೀಟು ಎತ್ತಿದೆ. ಹೂವಿನ ಹಾಗೆ ಎದ್ದು ಬಂತು! ತಗಡು ಹೊತ್ತು ಹೊತ್ತು ತೋಳಿಗೆ ಎಂಥ ಬಲ ಬಂದಿದೆಯಪ್ಪಾ ಎಂದು ಆ ಗಳಿಗೆಯಲ್ಲೂ ಹೆಮ್ಮೆಪಟ್ಟು, ಬೀಸಿ ಸುರಿದೆ.

ಸುರಿದದ್ದು ಮಂಡಕ್ಕಿ. ಗರಿಗರಿ ಮಂಡಕ್ಕಿ! ಬೆಂಕಿ ಇನ್ನಷ್ಟು ಖುಷಿಯಾಗಿ ಎದ್ದಿತು.

ಅಂಬಿಕಾ ಮೊದಲು ಮೇನ್ ಆಫ್ ಮಾಡಿದಳು. ಆಮೇಲೆ ಬಚ್ಚಲಿನಿಂದ ಕೊಡ ತಂದು ಗೋಣಿಯ ಮೇಲೂ ನನ್ನ ಮೇಲೂ ಭೇದವಿಲ್ಲದೆ ನೀರು ಹೊಯ್ದಳು.

ಗಲಾಟೆ ಕೇಳಿ ಪಕ್ಕದ ಮನೆಯ ಚೌಡಮ್ಮ ಓಡಿ ಬಂದರು. ಮಂಡಕ್ಕಿ ಭಟ್ಟಿ ನಡೆಸುವವರು ಅವರು. "ನಿಮ್ಮ ಮರಳು ಬಂಗಾರದಂಗೈತೆ ಕಣಪ್ಪಾ! ಮಂಡಕ್ಕಿ ಹುರಿಯಾಕೆ ಅಂತ ಬೆಳಿಗ್ಗೆ ಒಯ್ದಿದ್ದೆ, ನೀವಿನ್ನೂ ಎದ್ದಿರಲಿಲ್ಲ. ಖಾಲಿ ಬಕೀಟು ಹೆಂಗೆ ವಾಪಸ್ ಇಡ್ಲಿ? ತುಂಬಿಸಿ ಇಟ್ಟೆ. ಅಯ್ಯೋ, ತಿನ್ನೋದು ಬಿಟ್ಟು ನೆಲಕ್ಕೆ ಸುರಿದೀರಲ್ಲ!"

ಮಷೀನು ಗುಜರಿ ಪಾಲಾಯಿತೆಂದು ನನಗೆ ಅಳುವೇ ಬಂತು. ಅಂಬಿಕಾಳಿಗೆ ಮಾತ್ರ ನಗು ತಡೆಯಲಾಗಲಿಲ್ಲ. "ಮಷೀನು ಇರ್ಲಿ ಬಿಡ್ರಿ. ಆದ್ರೆ ಒಂದು ಷರತ್ತು."

ಅದರಂತೆ, ಈಗ ಪ್ರತಿ ಸಲ ಕೆಲಸಕ್ಕೆ ಕೂರುವ ಮುಂಚೆ ಅವಳೆದುರು ಬಕೀಟಿಗೆ ಕೈಹಾಕಿ, ಒಂದು ಚಿಟಿಕೆ ನಾಲಿಗೆಗೆ ಹಚ್ಚಿಕೊಂಡು, "ಮರಳೇ ಐತೆ ಕಣೇ" ಎಂದು ವರದಿ ಒಪ್ಪಿಸುತ್ತೇನೆ. ಆಮೇಲೆಯೇ ಅವಳು ಮೇನ್ ಆನ್ ಮಾಡುವುದು!