ಸಿ ಅಲ್ಲಾಲ್ ಮನೆ ಕೊಟ್ಟದ್ದು

ಎಲ್ಲಕ್ಕೂ ಕಾರಣ ಓಣಿಯ ಮೂಲೆಯ ನೀರಿನ ನಲ್ಲಿ. ಫೆಸ್ ಪಟ್ಟಣದ ಹಳೆಯ ಕೋಟೆಯೊಳಗೆ, ಎರಡು ಕತ್ತೆ ಎದುರಾದರೆ ಒಂದು ಹಿಂದೆ ಸರಿಯಲೇಬೇಕಾದ ಆ ಓಣಿಯಲ್ಲಿ, ತೀರಿಹೋದ ಹಾಜ್ ಜೀಲಾಲಿ ಅದನ್ನು ಹಬೂಸ್ ಬಿಟ್ಟಿದ್ದ. ಹಬೂಸ್ ಎಂದರೆ ದೇವರ ಹೆಸರಿನಲ್ಲಿ ಊರಿಗೆ ಬಿಟ್ಟ ಸ್ವತ್ತು. ಒಮ್ಮೆ ಬಿಟ್ಟರೆ ಮುಗಿಯಿತು, ಮಾರುವ ಹಾಗಿಲ್ಲ, ವಾಪಸು ಕೇಳುವ ಹಾಗಿಲ್ಲ. ನಲ್ಲಿಯ ಮೇಲೆ ನೀಲಿ ಹೆಂಚಿನಲ್ಲಿ ಹಾಜಿಯ ಹೆಸರು. ನೀರು ಕುಡಿದವರೆಲ್ಲ ಅವನನ್ನು ಹರಸಿ ಬಾಯಿ ಒರೆಸಿಕೊಳ್ಳುತ್ತಿದ್ದರು.

ಜೋಡು ಹೊಲಿಯುವ ಅಲ್ಲಾಲನಿಗೆ ಇದನ್ನು ಸಹಿಸಲು ಆಗುತ್ತಿರಲಿಲ್ಲ. ಹಾಜಿಯೂ ಜೋಡಿನ ವ್ಯಾಪಾರದವನೇ. ಅವನ ಜೋಡಿನ ಅಟ್ಟೆಯೊಳಗೆ ಚರ್ಮಕ್ಕಿಂತ ರಟ್ಟೇ ಹೆಚ್ಚಿರುತ್ತಿತ್ತು. ಆ ದಿನ ಬೆಳಿಗ್ಗೆ ಹಳ್ಳಿಯವನೊಬ್ಬ ತಾನೂ ಕುಡಿದು, ಕತ್ತೆಗೂ ಕುಡಿಸಿ, ಕತ್ತೆಯ ಪರವಾಗಿ ಇನ್ನೊಮ್ಮೆ ಹಾಜಿಯನ್ನು ಹರಸಿದ. ಅಲ್ಲಾಲನ ಹೊಟ್ಟೆಗೆ ಕಿಚ್ಚು ಬಿತ್ತು. ಅಂಗಡಿಯ ಬಾಗಿಲೆಳೆದು, ದಸ್ತಾವೇಜು ಬರೆಯುವ ಸಿ ಮಕ್ಕಿಯ ಬಳಿಗೆ ನೇರವಾಗಿ ನಡೆದ. ಗಂಡಸರಿಗೆ ಸಿ, ಹೆಂಗಸರಿಗೆ ಲಲ್ಲಾ ಎನ್ನುವುದು ಅಲ್ಲಿನ ಮರ್ಯಾದೆ.

"ನನ್ನ ಮನೇನ ಹಬೂಸ್ ಬಿಡ್ತೀನಿ. ನಮ್ಮ ಓಣೀಲಿ ಸೂರಿಲ್ಲದೋರಿಗೆ ಅಂತ ಬರೀರಿ. ಹೆಂಚಿನ ಮೇಲೆ ಹೆಸರು ದೊಡ್ಡದಾಗಿರ್ಲಿ."

"ಉಯಿಲು ಬರೆದ್ರೆ ಸಾಕಾಗಲ್ವಾ? ಉಯಿಲಲ್ಲಾದ್ರೆ ಆಸ್ತೀಲಿ ಮೂರರಲ್ಲಿ ಒಂದು ಭಾಗದವರೆಗೂ ಕೊಡಬಹುದು," ಎಂದ ಸಿ ಮಕ್ಕಿ.

"ಮೂರರಲ್ಲಿ ಒಂದಕ್ಕೆ ಯಾರ್ರೀ ಹೆಂಚು ಹಾಕಿಸ್ತಾರೆ?"

"ಮನೇಲಿ ಒಂದು ಮಾತು ಕೇಳಿದ್ರಾ?"

"ಮನೆ ನನ್ನದು," ಎಂದ ಅಲ್ಲಾಲ್.

ಸಿ ಮಕ್ಕಿಯೂ, ಸಾಕ್ಷಿಗೆಂದು ಅವನ ಜೊತೆ ಕೂರುವ ಇನ್ನೊಬ್ಬ ಬರಹಗಾರನೂ ಬರೆದು ಸಹಿ ಹಾಕಿದರು. ಕೊಡುವುದೇನಿದ್ದರೂ ತಾನು ಸತ್ತ ಮೇಲೆ, ಹೊಗಳಿಕೆ ಮಾತ್ರ ಇವತ್ತಿನಿಂದಲೇ ಎಂಬುದು ಅಲ್ಲಾಲನ ಎಣಿಕೆ. ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ಹೇಳಿದ್ದರೆ ಮಕ್ಕಿ ಅಲ್ಲೇ ಲೇಖನಿ ಕೆಳಗಿಡುತ್ತಿದ್ದ.

ಸುದ್ದಿ ಅವನಿಗಿಂತ ಮೊದಲೇ ಓಣಿ ಸೇರಿತ್ತು. ಬೀದಿಯವರ ರೊಟ್ಟಿ ಸುಡುವ ಸಲ್ಲಾಮ್ ಒಲೆ ಬಿಟ್ಟು ಎದ್ದು ಬಂದು ಹೆಗಲಿಗೆ ಮುತ್ತಿಟ್ಟ. ಪುದೀನ ಮಾರುವವನು ಎರಡು ಕಟ್ಟು ಪುಕ್ಕಟೆ ಕೊಟ್ಟ. ಅಲ್ಲಾಲನಿಗೆ ಆಕಾಶ ಮೂರೇ ಗೇಣು. ಮಧ್ಯಾಹ್ನದ ಊಟದ ತನಕ ಅಂಗಡಿಯಲ್ಲಿ ಕೂತು ಹೊಗಳಿಸಿಕೊಂಡನೇ ಹೊರತು ಒಂದು ಹೊಲಿಗೆ ಹಾಕಲಿಲ್ಲ.

ಊಟಕ್ಕೆ ಮನೆಗೆ ಬಂದರೆ ಅವನ ಮೆತ್ತೆ, ಕಂಬಳಿ, ಚಹಾದ ತಟ್ಟೆ ಎಲ್ಲ ಓಣಿಯಲ್ಲಿ. ಓಣಿಯ ಮುಖ್ಯಸ್ಥ ಬೂಶ್ತಾ ಬಾಗಿಲಲ್ಲಿ ನಿಂತು, ಸಾಮಾನು ಹೊರುತ್ತಿದ್ದ ಹುಡುಗರಿಗೆ, "ಗೋಡೆಗೆ ತಾಗಿಸ್ಬೇಡ್ರೋ, ಅದು ಈಗ ನಮ್ಮೆಲ್ಲರ ಗೋಡೆ," ಎನ್ನುತ್ತಿದ್ದ. ಪಕ್ಕದಲ್ಲಿ ಸಿ ಮಕ್ಕಿ.

"ಏನ್ರೀ ಇದು? ನಾನಿನ್ನೂ ಸತ್ತಿಲ್ಲ."

"ಅದಕ್ಕೇ ಅವಸರ," ಎಂದ ಬೂಶ್ತಾ. "ನಿನ್ನೆ ಕೆಮ್ತಾ ಬೇರೆ ಇದ್ರಿ."

ಸಿ ಮಕ್ಕಿ ಸಮಾಧಾನವಾಗಿ ಬಿಡಿಸಿ ಹೇಳಿದ. "ಹಬೂಸ್ ಅಂದ್ರೆ ಕೊಟ್ಟೋನು ಬದುಕಿರೋವಾಗ್ಲೇ ಜಾಗ ಖಾಲಿ ಮಾಡಿ ಕೈ ಬದಲಾಗ್ಬೇಕು. ಬೀಗದ ಕೈ ನಿಮ್ಮ ಹತ್ರ ಇರೋವಾಗ ನೀವು ಹೋಗಿಬಿಟ್ರೆ ದಾನ ಬಿದ್ದುಹೋಗುತ್ತೆ. ಇದು ಗೊತ್ತಿಲ್ಲದೋರು ನಮ್ಮಲ್ಲಿ ಯಾರಿದಾರೆ?"

ಒಬ್ಬನಿದ್ದ. ಅವನು ಜೇಬಿನೊಳಗೆ ಬೀಗದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಅಷ್ಟರಲ್ಲಿ, ಬೀಗ ಹಾಕದೆ ಬಾಗಿಲು ಬರೀ ಮುಂದಕ್ಕೆಳೆದು ಹೋಗಿದ್ದ ಹೆಂಡತಿ ಲಲ್ಲಾ ಕೆಂಜಾ ಹಮಾಮಿನಲ್ಲಿ ಸ್ನಾನ ಮುಗಿಸಿ ಬಂದಳು. ಒದ್ದೆ ತಲೆಗೆ ಬಟ್ಟೆ, ಕೈಯಲ್ಲಿ ಬಕೆಟ್ಟು. ಸಾಮಾನು ನೋಡಿದಳು, ಗಂಡನ ಮುಖ ನೋಡಿದಳು, ಬೂಶ್ತಾ ಹೇಳಿದ್ದನ್ನು ಪೂರ್ತಿ ಕೇಳಿದಳು. ಮೆತ್ತೆಯ ಮೇಲೆ ಕೂತಳು. "ನನ್ನನ್ನ ಯಾರಿಗೆ ಕೊಟ್ರಿ? ಅದನ್ನೂ ಹೇಳಿಬಿಡಿ," ಎಂದಳು.

"ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಶೃಂಗಾರ ಮಾಡಬಾರದು ಅಂತಾರಲ್ಲ, ನನಗೇ ಹೇಳಿದ್ದು ಅದು," ಎಂದು ಅಲ್ಲಾಲ್ ಗೊಣಗಿದ. ಹಾಗೆ ಗೊಣಗುವಾಗಲೇ ಒಂದು ಉಪಾಯ ಹೊಳೆಯಿತು.

"ಸರಿ, ಕೊಡ್ತೀನಿ. ಯಾರಿಗೆ ಕೊಡ್ಲಿ? ಸೂರಿಲ್ಲದೋರು ಅಂತ ಬರೆಸಿದೀನಿ. ಕರೀರಿ ಒಬ್ಬನ್ನ."

ಓಣಿಯಲ್ಲಿ ಎಲ್ಲರಿಗೂ ಮನೆಯಿತ್ತು. ಬೆಕ್ಕುಗಳೂ ಸಲ್ಲಾಮನ ಒಲೆಯ ಪಕ್ಕ ಜಾಗ ಮಾಡಿಕೊಂಡಿದ್ದವು. ತೆಗೆದುಕೊಳ್ಳುವವರಿಲ್ಲದೆ ದಾನ ಹೇಗೆ ನಿಲ್ಲುತ್ತದೆ? ಬೂಶ್ತಾ ತಲೆ ಕೆರೆದುಕೊಂಡ. ಅಲ್ಲಾಲ್ ಗೆದ್ದವನಂತೆ ಮೆತ್ತೆಯ ಒಂದು ತುದಿ ಎತ್ತಿದ.

"ತಡೀರಿ ಸಿ ಅಲ್ಲಾಲ್," ಎಂದ ಸಲ್ಲಾಮ್. "ಬೆಳಿಗ್ಗೆವರೆಗೂ ಯಾರೂ ಇರ್ಲಿಲ್ಲ. ಈಗ ಇಬ್ಬರಿದಾರಲ್ಲ." ಬೀದಿಯಲ್ಲಿ ಸಾಮಾನು ಹರಡಿಕೊಂಡಿದ್ದ ಗಂಡಹೆಂಡಿರ ಕಡೆ ಬೆರಳು ಮಾಡಿದ.

ಅಲ್ಲಾಲನಿಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು. "ಹೌದಲ್ಲ! ನಾವೇ ಸೂರಿಲ್ಲದೋರು. ಬರ್ಕೊಳ್ಳಿ ಮಕ್ಕಿಯವರೇ."

"ಕೊಟ್ಟೋನು ತನ್ನ ದಾನ ತಾನೇ ಉಣ್ಣೋ ಹಾಗಿಲ್ಲ," ಎಂದ ಸಿ ಮಕ್ಕಿ. "ಲಲ್ಲಾ ಕೆಂಜಾ ಆದ್ರೆ ಅಡ್ಡಿಯಿಲ್ಲ. ಅವರು ಏನೂ ಕೊಟ್ಟಿಲ್ಲ, ಅವರನ್ನ ಕೇಳ್ಲೂ ಇಲ್ಲ."

ಕೆಂಜಾ ಮೆಲ್ಲನೆ ತಲೆ ಎತ್ತಿದಳು. "ನಾಳೆ ಇವರು ಇಲ್ಲ ಅಂದ್ರೆ ಈ ಮನೇಲಿ ನನಗೇನು ಸಿಕ್ತಿತ್ತು?"

"ಮಕ್ಕಳಿಲ್ಲ, ನಿಮಗೆ ಕಾಲು ಭಾಗ. ಮಿಕ್ಕಿದ್ದು ಇವರ ತಮ್ಮಂದಿರಿಗೆ."

"ಈಗ?"

"ಈಗ ಪೂರ್ತಿ ಮನೆ. ಜೀವ ಇರೋವರೆಗೂ ನಿಮ್ಮನ್ನ ಯಾರೂ ಎಬ್ಬಿಸೋ ಹಾಗಿಲ್ಲ."

ಪ್ರತಿ ಹಬ್ಬಕ್ಕೂ ಬಂದು, ಚಹಾ ಕುಡಿಯುತ್ತಲೇ ಅಂಗಳವನ್ನು ಕಣ್ಣಲ್ಲೇ ಅಳೆದು ಹೋಗುವ ಮೈದುನಂದಿರನ್ನು ಕಂಡರೆ ಕೆಂಜಾಳಿಗೆ ಮದುವೆಯಾದಾಗಿನಿಂದ ಭಯ. ಅಲ್ಲಾಲನಿಗೆ ಅದು ತಿಳಿದಿರಲಿಲ್ಲ, ಅವನು ಕೇಳಿರಲೂ ಇಲ್ಲ. ಅವಳು ಎದ್ದು ಬಂದು ಅವನ ಮುಂದೆ ಕೈ ಚಾಚಿದಳು. ಇಡೀ ಓಣಿ ನೋಡುತ್ತಿತ್ತು. ಅಲ್ಲಾಲ್ ಬೀಗದ ಕೈ ಕೊಟ್ಟ. ಹೊರಗೆ ಹಾಕಿದವರೇ ಸಾಮಾನನ್ನೆಲ್ಲ ಮತ್ತೆ ಒಳಗೆ ಹೊತ್ತರು. ಬಾಗಿಲು ಮುಚ್ಚಿತು.

ಸಂಜೆಯವರೆಗೂ ಅವನು ಮೆಟ್ಟಿಲ ಮೇಲೆ ಕೂತಿದ್ದ. ಒಳಗಿನಿಂದ ಹರೀರಾ ಸಾರಿನ ವಾಸನೆ ಬರುತ್ತಿತ್ತು. ಆ ದಾರಿಯಾಗಿ ಬಂದ ಸಿ ಮಕ್ಕಿಗೆ ಕನಿಕರವಾಯಿತು.

"ವಾಸ ಮಾಡೋ ಹಾಗಿಲ್ಲ ಅಂದೆ ಅಷ್ಟೆ. ಅತಿಥಿಯಾಗಿ ಹೋದ್ರೆ ಯಾರು ಬೇಡ ಅಂತಾರೆ?"

ಅಲ್ಲಾಲ್ ಜೋಡು ಮೆಟ್ಟಿಲ ಕೆಳಗೆ ಬಿಟ್ಟು ಬಾಗಿಲು ತಟ್ಟಿದ.

"ಯಾರು?"

"ನಾನು ಕಣೇ, ಅಲ್ಲಾಲ್."

"ಈ ಮನೆಗೆ ನೀವು ಏನಾಗ್ಬೇಕು?"

ಅವನು ಓಣಿಯ ಆಚೀಚೆ ನೋಡಿಕೊಂಡ. "ಅತಿಥಿ," ಎಂದ.

ಬಾಗಿಲು ತೆರೆಯಿತು. ಕೆಂಜಾ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಬನ್ನಿ, ಊಟ ಬಿಸಿಯಾಗಿದೆ. ಅತಿಥಿಗೆ ಮೂರು ದಿನ. ಆಮೇಲೆ ಹಾಕಿದ್ದೆಲ್ಲ ದಾನದ ಲೆಕ್ಕ, ನೀವು ಅದನ್ನ ಉಣ್ಣೋ ಹಾಗಿಲ್ವಲ್ಲ. ಜೋಡು ಒಳಗೇ ಬಿಡಿ, ನಾಲ್ಕನೇ ದಿನ ಹೊರಡೋವಾಗ ಹುಡುಕ್ತಾ ಕೂರಬೇಡಿ."